ಮನೆಯಲ್ಲಿ ಕಟ್ಟುವ ಎಸ್‌ಡಿಆರ್ ರಿಸೀವರ್‌ಗೆ 90 ಡಿಗ್ರಿ ಫೇಸ್ ಸರ್ಕ್ಯೂಟ್: ವಿನ್ಯಾಸದಿಂದ ಅಳತೆಯವರೆಗೆ

ಸ್ವಂತವಾಗಿ ಎಸ್‌ಡಿಆರ್ (ಹೆಚ್ಚಿನ ಕೆಲಸವನ್ನು ಸಾಫ್ಟ್‌ವೇರೇ ಮಾಡುವ ರೇಡಿಯೋ) ರಿಸೀವರ್ ಕಟ್ಟಿದ ಹ್ಯಾಮ್‌ಗಳಿಂದ, ಅಂದರೆ ಹವ್ಯಾಸಿ ರೇಡಿಯೋದವರಿಂದ, ಮತ್ತೆ ಮತ್ತೆ ಕೇಳಿಬರುವ ದೂರು ಒಂದೇ. ಲೋಕಲ್ ಆಸಿಲೇಟರ್ (ರಿಸೀವರಿನೊಳಗೇ ಸಿಗ್ನಲ್ ಹುಟ್ಟಿಸುವ ಭಾಗ) 7.100 ಮೆಗಾಹರ್ಟ್ಸ್‌ನಲ್ಲಿದೆ, 7.105ರಲ್ಲಿ ಯಾರೋ ಮಾತನಾಡುತ್ತಿದ್ದಾರೆ, ಆದರೆ ಪರದೆಯ ಮೇಲೆ ಅದೇ ಧ್ವನಿ ತಲೆಕೆಳಗಾಗಿ 7.095ರಲ್ಲೂ ಕಾಣಿಸುತ್ತದೆ. ಇದನ್ನು ಪ್ರತಿಬಿಂಬ ಎನ್ನುತ್ತೇವೆ. ಇದು ಕಂಡ ಕೂಡಲೇ ಹೆಚ್ಚಿನವರು ಫೇಸ್ ಸರ್ಕ್ಯೂಟಿನ (90 ಡಿಗ್ರಿ ಅಂತರದ ಎರಡು ಸಿಗ್ನಲ್ ಹುಟ್ಟಿಸುವ ಭಾಗದ) ಚಿಪ್ ಬದಲಿಸುತ್ತಾರೆ, ಅದರಿಂದ ಗುಣ ಕಾಣದಿದ್ದಾಗ ಸಾಫ್ಟ್‌ವೇರಿನ ತಿದ್ದುಪಡಿ ಗುಂಡಿಗಳನ್ನು ತಿರುಗಿಸುತ್ತಾರೆ, ಒಂದು ಕಂಪನಾಂಕದಲ್ಲಿ ಸರಿಹೋದದ್ದು ಇನ್ನೊಂದರಲ್ಲಿ ಕೆಡುವುದನ್ನು ನೋಡಿ ಕೈಚೆಲ್ಲುತ್ತಾರೆ. ನಾನು ಕಂಡ ಮಟ್ಟಿಗೆ ಫೇಸ್ ಸರ್ಕ್ಯೂಟ್ ನಿಜವಾಗಿ ತಪ್ಪಿರುವುದು ಕಡಿಮೆ. ಅದರ ಮುಂದಿರುವ ಕೆಪಾಸಿಟರ್, ರೆಸಿಸ್ಟರ್ ಅಥವಾ ಸೌಂಡ್ ಕಾರ್ಡ್ ಮಾಡಿದ ತಪ್ಪು ಅದರ ಲೆಕ್ಕಕ್ಕೆ ಬೀಳುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಬೇಕು ಮತ್ತು ಒಂದು ಹಂತದ ಅಳತೆ ಮುಗಿಯದೆ ಮುಂದಿನದಕ್ಕೆ ಬೆಸುಗೆ ಹಾಕಬಾರದು.

ಇಲ್ಲಿ ಉದಾಹರಣೆಗೆ 40 ಮೀಟರ್ ಬ್ಯಾಂಡಿನ, ಅಂದರೆ ನಮ್ಮಲ್ಲಿ 7.000ರಿಂದ 7.200 ಮೆಗಾಹರ್ಟ್ಸ್‌ವರೆಗಿನ, ರಿಸೀವರ್ ಅನ್ನು ತೆಗೆದುಕೊಂಡಿದ್ದೇನೆ. ಆಸಿಲೇಟರ್ ಆಗಿ ಎಸ್‌ಐ5351ಎ, ಆಂಟೆನಾ ಸಿಗ್ನಲನ್ನು ಸರದಿಯಲ್ಲಿ ನಾಲ್ಕು ಕೆಪಾಸಿಟರ್‌ಗಳಿಗೆ ಹಂಚುವ ಸ್ವಿಚ್ ಆಗಿ ಎಫ್‌ಎಸ್‌ಟಿ3253, ಕೊನೆಯಲ್ಲಿ 48 ಕಿಲೋಹರ್ಟ್ಸ್‌ನ ಸ್ಟೀರಿಯೋ ಸೌಂಡ್ ಕಾರ್ಡ್ ಇರುತ್ತದೆ.

ಬೇಕಾಗುವ ಸಲಕರಣೆ

ಎರಡು ಚಾನೆಲ್‌ನ, ಕನಿಷ್ಠ 100 ಮೆಗಾಹರ್ಟ್ಸ್‌ನ ಆಸಿಲೋಸ್ಕೋಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಅದಕ್ಕೆ ಬದಲಾಗಿ ಮಿಲಿವೋಲ್ಟ್ ತೋರಿಸುವ ಮಲ್ಟಿಮೀಟರ್ ಮತ್ತು ಒಂದು 74ಎಸಿ86 ಚಿಪ್ ಸಾಕು. ಹೇಗೆಂಬುದು ನಾಲ್ಕನೇ ಹಂತದಲ್ಲಿದೆ. ಕೆಪಾಸಿಟರ್ ಅಳೆಯಬಲ್ಲ ಮೀಟರ್ ಮಾತ್ರ ಇರಲೇಬೇಕು. ಪರೀಕ್ಷಾ ಸಿಗ್ನಲ್‌ಗೆ ಟೈನಿಎಸ್‌ಎ, ನ್ಯಾನೋವಿಎನ್‌ಎ ಅಥವಾ ಇನ್ನೊಂದು ಎಸ್‌ಐ5351 ಬೋರ್ಡ್, ಅದರ ಮುಂದೆ 50ರಿಂದ 60 ಡೆಸಿಬೆಲ್ ತಗ್ಗಿಸುವ ಅಟೆನ್ಯುಯೇಟರ್ ಇಟ್ಟುಕೊಳ್ಳಿ. ಬ್ರೆಡ್‌ಬೋರ್ಡನ್ನು ಮಾತ್ರ ಪಕ್ಕಕ್ಕಿಡಿ. ಅದರ ಉದ್ದನೆಯ ತಂತಿಗಳೂ ಸಾಲುಗಳ ನಡುವಿನ ಕೆಪಾಸಿಟೆನ್ಸೂ ಈ ಕೆಲಸಕ್ಕೆ ಒಗ್ಗುವುದಿಲ್ಲ. ತಾಮ್ರದ ಹಾಳೆಯ ಮೇಲೆ ನೇರವಾಗಿ ಬೆಸುಗೆ ಹಾಕಿದ ಒರಟು ಕಟ್ಟಡವೂ ಅದಕ್ಕಿಂತ ಎಷ್ಟೋ ಮೇಲು.

ಹಂತ 1: ಎಷ್ಟು ನಿಖರತೆ ಬೇಕೆಂದು ಮೊದಲು ನಿರ್ಧರಿಸಿ

ರಿಸೀವರ್ ಸೌಂಡ್ ಕಾರ್ಡಿಗೆ ಕೊಡುವ ಐ ಮತ್ತು ಕ್ಯೂ ಎಂಬ ಎರಡು ಚಾನೆಲ್‌ಗಳ ನಡುವೆ ಸರಿಯಾಗಿ 90 ಡಿಗ್ರಿ ಅಂತರವೂ ಸಮನಾದ ಎತ್ತರವೂ (ಆಂಪ್ಲಿಟ್ಯೂಡ್) ಇದ್ದರೆ ಪ್ರತಿಬಿಂಬ ಪೂರ್ತಿ ಅಳಿಯುತ್ತದೆ. ಫೇಸ್ 1 ಡಿಗ್ರಿ ತಪ್ಪಿದರೆ ಪ್ರತಿಬಿಂಬ ಸುಮಾರು 41 ಡೆಸಿಬೆಲ್ ಮಾತ್ರ ಕೆಳಗಿರುತ್ತದೆ, 5 ಡಿಗ್ರಿ ತಪ್ಪಿದರೆ 27 ಡೆಸಿಬೆಲ್. ಎತ್ತರದ ತಪ್ಪೂ ಇಷ್ಟೇ ದುಬಾರಿ: 0.1 ಡೆಸಿಬೆಲ್ ವ್ಯತ್ಯಾಸಕ್ಕೆ 45 ಡೆಸಿಬೆಲ್, 1 ಡೆಸಿಬೆಲ್ ವ್ಯತ್ಯಾಸಕ್ಕೆ 25 ಡೆಸಿಬೆಲ್. ಎರಡೂ ತಪ್ಪುಗಳಿದ್ದಾಗ ಒಂದನ್ನು ಮಾತ್ರ ಸರಿಪಡಿಸುತ್ತ ಹೋದರೆ ಇನ್ನೊಂದು ಹಾಕಿದ ಗೆರೆಯನ್ನು ದಾಟಲಾಗುವುದಿಲ್ಲ. ಫೇಸ್ ಎಷ್ಟು ತಿದ್ದಿದರೂ 25ರ ಮೇಲೆ ಹೋಗುತ್ತಿಲ್ಲ ಎಂದರೆ ಎತ್ತರವನ್ನು ನೋಡಬೇಕೆಂದೇ ಅರ್ಥ.

ಬರಿಯ ಹಾರ್ಡ್‌ವೇರಿನಿಂದ 40 ಡೆಸಿಬೆಲ್ ಪಡೆಯುವುದನ್ನು ಗುರಿಯಾಗಿಟ್ಟುಕೊಳ್ಳಿ, ಅದರ ಮೇಲಿನ ಇನ್ನೊಂದು 20 ಡೆಸಿಬೆಲ್ ಅನ್ನು ಸಾಫ್ಟ್‌ವೇರಿಗೆ ಬಿಡಿ. 40 ಡೆಸಿಬೆಲ್ ಎಂದರೆ ಕಡಿಮೆಯೇನಲ್ಲ, ಆದರೂ ಸಿಗ್ನಲ್ ಬಲ ಅಳೆಯುವ ಎಸ್ ಮೀಟರಿನಲ್ಲಿ ಎಸ್9ಕ್ಕಿಂತ 20 ಡೆಸಿಬೆಲ್ ಮೇಲಿರುವ ಪಕ್ಕದೂರಿನ ಸ್ಟೇಷನ್ನಿನ ಪ್ರತಿಬಿಂಬ ಆಗಲೂ ಎಸ್5–ಎಸ್6ರ ಆಸುಪಾಸಿನಲ್ಲಿ ಕೇಳುತ್ತದೆ.

ಡಿಗ್ರಿಯನ್ನು ಕಾಲಕ್ಕೆ ಬದಲಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. 7.1 ಮೆಗಾಹರ್ಟ್ಸ್‌ನ ಒಂದು ಸುತ್ತು 140.8 ನ್ಯಾನೋಸೆಕೆಂಡ್, ಹಾಗಾಗಿ 1 ಡಿಗ್ರಿ ಎಂದರೆ 0.39 ನ್ಯಾನೋಸೆಕೆಂಡ್. 14.2ರಲ್ಲಿ ಅದು ಅರ್ಧವಾಗುತ್ತದೆ, 28.5ರಲ್ಲಿ 0.1 ನ್ಯಾನೋಸೆಕೆಂಡಿಗೆ ಇಳಿಯುತ್ತದೆ. ಬೋರ್ಡಿನ ಒಂದು ಸೆಂಟಿಮೀಟರ್ ಗೆರೆಯಲ್ಲಿ ಸಿಗ್ನಲ್ ಸುಮಾರು 0.06 ನ್ಯಾನೋಸೆಕೆಂಡ್ ಕಳೆಯುತ್ತದೆ. 40 ಮೀಟರಿನಲ್ಲಿ ಅದನ್ನು ಮರೆಯಬಹುದು, 10 ಮೀಟರಿನಲ್ಲಿ ಅದೇ ಅರ್ಧ ಡಿಗ್ರಿಗಿಂತ ಹೆಚ್ಚು.

ಹಂತ 2: ಫೇಸ್ ಹುಟ್ಟಿಸುವ ವಿಧಾನವನ್ನು ಆರಿಸಿ

ನಾಲ್ಕು ದಾರಿಗಳಿವೆ, ನಾಲ್ಕೂ ಎಲ್ಲರಿಗೂ ಅಲ್ಲ.

ಮೊದಲನೆಯದು ಒಂದು ರೆಸಿಸ್ಟರ್–ಕೆಪಾಸಿಟರ್ ಜೋಡಿಯಿಂದ 45 ಡಿಗ್ರಿ ಹಿಂದಕ್ಕೂ ಇನ್ನೊಂದರಿಂದ 45 ಡಿಗ್ರಿ ಮುಂದಕ್ಕೂ ತಳ್ಳುವುದು. 7.1 ಮೆಗಾಹರ್ಟ್ಸ್‌ಗೆ 50 ಓಮ್ ಇಟ್ಟರೆ ಕೆಪಾಸಿಟರ್ ಸುಮಾರು 448 ಪಿಕೋಫ್ಯಾರಡ್ ಆಗುತ್ತದೆ. ಎರಡು ಜೋಡಿಗಳೂ ಸಮನಾಗಿದ್ದರೆ ಫೇಸ್ ಅಂತರ ಎಲ್ಲ ಕಂಪನಾಂಕದಲ್ಲೂ 90 ಡಿಗ್ರಿಯೇ ಇರುತ್ತದೆ, ಬದಲಾಗುವುದು ಎತ್ತರ. ನಡುವಿನಿಂದ ಶೇಕಡಾ 1.4ರಷ್ಟು ಆಚೆ ಹೋದರೆ, ಅಂದರೆ 7.0 ಅಥವಾ 7.2ಕ್ಕೆ ಬಂದರೆ, ಎತ್ತರ ಶೇಕಡಾ 1.4ರಷ್ಟು ಬೇರೆಯಾಗಿ 43 ಡೆಸಿಬೆಲ್ ಉಳಿಯುತ್ತದೆ. ಒಂದೇ ಬ್ಯಾಂಡಿಗೆ ಇದು ಕಾಗದದ ಮೇಲೆ ಸೊಗಸಾಗಿದೆ. ಆದರೆ ಒಂದು ಜೋಡಿಯ ಬಿಡಿಭಾಗ ಇನ್ನೊಂದಕ್ಕಿಂತ ಶೇಕಡಾ 5ರಷ್ಟು ಬೇರೆಯಾದರೆ ಫೇಸ್ 1.4 ಡಿಗ್ರಿ ಜಾರುತ್ತದೆ, ಮುಂದಿನ ಗೇಟಿನ ಇನ್‌ಪುಟ್ ಕೆಪಾಸಿಟೆನ್ಸ್ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಕಲಿಯಲು ಮಾಡಿ, ಬಳಸಲು ಬೇಡ.

ಎರಡನೆಯದು ಬೇಕಾದದ್ದರ ಎರಡರಷ್ಟು ಕಂಪನಾಂಕವನ್ನು ತೆಗೆದುಕೊಂಡು, ಅದರ ಏರುವ ಅಂಚಿನಿಂದ ಒಂದು ಫ್ಲಿಪ್‌ಫ್ಲಾಪನ್ನೂ (ಅಂಚು ಬಂದಾಗ ಮಾತ್ರ ಸ್ಥಿತಿ ಬದಲಿಸುವ ಸರ್ಕ್ಯೂಟ್), ಇನ್ವರ್ಟರ್ ದಾಟಿಸಿ ಇಳಿಯುವ ಅಂಚಿನಿಂದ ಇನ್ನೊಂದನ್ನೂ ನಡೆಸುವುದು. ಇನ್ವರ್ಟರ್ 3 ನ್ಯಾನೋಸೆಕೆಂಡ್ ತಡಮಾಡಿದರೆ 7.1 ಮೆಗಾಹರ್ಟ್ಸ್‌ನಲ್ಲಿ ಆಗಲೇ ಸುಮಾರು 7.7 ಡಿಗ್ರಿ ಹೋಯಿತು. ಗಡಿಯಾರದ, ಅಂದರೆ ಫ್ಲಿಪ್‌ಫ್ಲಾಪ್ ನಡೆಸುವ ಕ್ಲಾಕ್ ಸಿಗ್ನಲಿನ, ಮೇಲರ್ಧ ಮತ್ತು ಕೆಳಗರ್ಧ ಸಮನಾಗಿಲ್ಲದಿದ್ದರೆ ಇನ್ನಷ್ಟು ಹೋಗುತ್ತದೆ. ಇದನ್ನು ಬಿಟ್ಟುಬಿಡಿ.

ಮೂರನೆಯದು ನಾಲ್ಕರಷ್ಟು ಕಂಪನಾಂಕದಿಂದ ನಡೆಯುವ ಜಾನ್ಸನ್ ಕೌಂಟರ್. ಎರಡು ಫ್ಲಿಪ್‌ಫ್ಲಾಪ್‌ಗಳೂ ಒಂದೇ ಏರುವ ಅಂಚಿಗೆ ಓಗೊಡುವುದರಿಂದ ಗಡಿಯಾರದ ಅಲೆಯ ಆಕಾರ ಹೇಗಿದ್ದರೂ ಅಂತರ 90 ಡಿಗ್ರಿಯೇ ಬರುತ್ತದೆ. ಮೊದಲ ಬಾರಿ ಕಟ್ಟುವವರು ಇದನ್ನೇ ಆರಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನಾಲ್ಕನೆಯದು ಎಸ್‌ಐ5351ಎ ಚಿಪ್ಪಿನಿಂದಲೇ 90 ಡಿಗ್ರಿ ಅಂತರದ ಎರಡು ಔಟ್‌ಪುಟ್ ಪಡೆಯುವುದು. ಬಿಡಿಭಾಗ ಕಡಿಮೆ, ಪ್ರೋಗ್ರಾಂ ಹೆಚ್ಚು. ಅದರ ವಿವರ ಐದನೇ ಹಂತದಲ್ಲಿದೆ.

ಹಂತ 3: ಜಾನ್ಸನ್ ಕೌಂಟರ್ ಕಟ್ಟಿ

7.1 ಮೆಗಾಹರ್ಟ್ಸ್ ಬೇಕಿದ್ದರೆ ಎಸ್‌ಐ5351ಎ ಇಂದ 28.4 ಮೆಗಾಹರ್ಟ್ಸ್ ತೆಗೆಯಿರಿ, 14.2ಕ್ಕೆ 56.8, 28.5ಕ್ಕೆ 114. ಚಿಪ್ 74ಎಸಿ74 ಆಗಿರಲಿ. ಅಂಗಡಿಯಲ್ಲಿ ಅದರ ಬದಲು 74ಎಚ್‌ಸಿ74 ಸಿಕ್ಕರೆ 40 ಮೀಟರಿಗೆ ಹೇಗೋ ನಡೆದೀತು, 20 ಮೀಟರಿಗೆ ನಂಬುವಂತಿಲ್ಲ.

ಜೋಡಣೆ ಹೀಗಿದೆ. ಗಡಿಯಾರವನ್ನು 3 ಮತ್ತು 11ನೇ ಕಾಲುಗಳಿಗೆ ಒಟ್ಟಿಗೆ ಕೊಡಿ. ಮೊದಲ ಫ್ಲಿಪ್‌ಫ್ಲಾಪಿನ ನೇರ ಔಟ್‌ಪುಟ್ ಆದ 5ನೇ ಕಾಲನ್ನು ಎರಡನೆಯದರ ಡೇಟಾ ಇನ್‌ಪುಟ್ ಆದ 12ನೇ ಕಾಲಿಗೆ ಸೇರಿಸಿ. ಎರಡನೆಯದರ ತಲೆಕೆಳಗಾದ ಔಟ್‌ಪುಟ್ ಆದ 8ನೇ ಕಾಲನ್ನು ಮೊದಲನೆಯದರ ಡೇಟಾ ಇನ್‌ಪುಟ್ ಆದ 2ನೇ ಕಾಲಿಗೆ ತನ್ನಿ. ಪ್ರೀಸೆಟ್ ಮತ್ತು ಕ್ಲಿಯರ್ ಕಾಲುಗಳಾದ 1, 4, 10, 13 ನಾಲ್ಕನ್ನೂ ಪೂರೈಕೆಗೆ (ಚಿಪ್ಪಿನ ಸಪ್ಲೈ ವೋಲ್ಟೇಜಿಗೆ) ಕಟ್ಟಿ. ಇವನ್ನು ತೇಲಲು ಬಿಟ್ಟರೆ ಕೈ ಹತ್ತಿರ ತಂದಾಗ ಕೌಂಟರ್ ನಿಲ್ಲುವ, ಕೈ ತೆಗೆದರೆ ಓಡುವ ವಿಚಿತ್ರ ನಡವಳಿಕೆ ಕಾಣುತ್ತದೆ. ಬೇಕಾದ ಎರಡು ಫೇಸ್‌ಗಳು 5 ಮತ್ತು 9ನೇ ಕಾಲುಗಳಲ್ಲಿ ಸಿಗುತ್ತವೆ.

ಇಲ್ಲೊಂದು ವೋಲ್ಟೇಜಿನ ಹೊಂಡವಿದೆ. ಎಸ್‌ಐ5351ಎ ಬೋರ್ಡಿನ ಔಟ್‌ಪುಟ್ 3.3 ವೋಲ್ಟ್ ಮಟ್ಟದ್ದು. 74ಎಸಿ74ನ್ನು 5 ವೋಲ್ಟಿನಲ್ಲಿ ನಡೆಸಿದರೆ ಅದು ‘ಮೇಲು’ ಎಂದು ಖಚಿತವಾಗಿ ಗುರುತಿಸಲು 3.5 ವೋಲ್ಟ್ ಕೇಳುತ್ತದೆ. ಮೇಜಿನ ಮೇಲೆ ಕೆಲಸ ಮಾಡಿದ ಕೌಂಟರ್ ಪೆಟ್ಟಿಗೆಯೊಳಗೆ ಬಿಸಿಯಾದಾಗ ಎಡವುವುದಕ್ಕೆ ಇದು ಕಾರಣವಾಗಬಹುದು. 74ಎಸಿ74ನ್ನೂ 3.3 ವೋಲ್ಟಿನಲ್ಲೇ ನಡೆಸಿ. ಮುಂದಿನ ಎಫ್‌ಎಸ್‌ಟಿ3253 ಚಿಪ್ 5 ವೋಲ್ಟಿನಲ್ಲಿದ್ದರೂ ಅದರ ನಿಯಂತ್ರಣ ಕಾಲುಗಳು ಟಿಟಿಎಲ್ ಮಟ್ಟದವಾದ್ದರಿಂದ 3.3 ವೋಲ್ಟನ್ನು ತಕರಾರಿಲ್ಲದೆ ಒಪ್ಪಿಕೊಳ್ಳುತ್ತವೆ.

ಪ್ರತಿ ಚಿಪ್ಪಿನ ಪೂರೈಕೆ ಕಾಲಿಗೆ ಅಂಟಿಕೊಂಡಂತೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಇರಲಿ. ಗಡಿಯಾರದ ಗೆರೆಯಲ್ಲಿ, ಮೂಲದ ಕಡೆಗೆ, 33ರಿಂದ 47 ಓಮ್‌ನ ರೆಸಿಸ್ಟರ್ ಸರಣಿಯಲ್ಲಿ ಹಾಕಿ. ಎಸಿ ಕುಟುಂಬದ ಚಿಪ್‌ಗಳ ಅಂಚು ಬಹಳ ಚುರುಕು. ತಡೆಯಿಲ್ಲದೆ ಬಿಟ್ಟರೆ ಅಂಚಿನ ನಂತರದ ಅದುರಾಟವನ್ನೇ ಇನ್ನೊಂದು ಗಡಿಯಾರವೆಂದು ಎಣಿಸಿಬಿಡುತ್ತದೆ. ಜಾನ್ಸನ್ ಕೌಂಟರ್ ಬದಲು ಕೈಗೆ ಸಿಕ್ಕ 74ಎಚ್‌ಸಿ393ರಂಥ ರಿಪಲ್ ಕೌಂಟರ್ ಹಾಕುವವರಿದ್ದಾರೆ. ಅದರಲ್ಲಿ ಎರಡನೇ ಬಿಟ್ ಮೊದಲನೆಯದರ ಹಿಂದೆ ತಡವಾಗಿ ಬದಲಾಗುವುದರಿಂದ ನಡುವೆ ಕ್ಷಣಕಾಲ ತಪ್ಪು ಸ್ವಿಚ್ ಚಾಲೂ ಆಗುತ್ತದೆ.

ಹಂತ 4: ಫೇಸ್ ಅಳೆಯಿರಿ, ಮುಂದಕ್ಕೆ ಹೋಗಬೇಡಿ

ಸ್ಕೋಪ್ ಇದ್ದರೆ ಎರಡೂ ಪ್ರೋಬ್‌ಗಳನ್ನು 10ರ ಅಳತೆಗೆ ಇಟ್ಟು, ನೆಲದ (ಗ್ರೌಂಡ್) ತಂತಿಯನ್ನು ಆದಷ್ಟು ಮೊಟಕಾಗಿಸಿ, ಎರಡು ಏರುವ ಅಂಚುಗಳ ನಡುವಿನ ಕಾಲವನ್ನು ನೋಡಿ. 7.1 ಮೆಗಾಹರ್ಟ್ಸ್‌ಗೆ 35.2 ನ್ಯಾನೋಸೆಕೆಂಡ್ ಬರಬೇಕು. ನಂತರ ಪ್ರೋಬ್‌ಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ಅಳೆದು ಎರಡರ ಸರಾಸರಿ ತೆಗೆಯಿರಿ. ಪ್ರೋಬ್‌ಗಳ ಉದ್ದ, ಸ್ಕೋಪಿನ ಒಳಗಿನ ಚಾನೆಲ್ ವ್ಯತ್ಯಾಸ ಎಲ್ಲವೂ ಒಂದು ಸಲ ಕೂಡಿ ಇನ್ನೊಂದು ಸಲ ಕಳೆದು ಹೋಗುತ್ತವೆ. ಇದನ್ನು ಮಾಡದೆ ‘ನನ್ನ ಸರ್ಕ್ಯೂಟಿನಲ್ಲಿ 3 ಡಿಗ್ರಿ ತಪ್ಪಿದೆ’ ಎಂದು ಹೇಳುವಂತಿಲ್ಲ.

ಸ್ಕೋಪ್ ಇಲ್ಲದವರಿಗೆ 74ಎಸಿ86 ಇದೆ. ಇದರ ಒಂದು ಗೇಟಿಗೆ ಎರಡು ಫೇಸ್‌ಗಳನ್ನು ಕೊಟ್ಟರೆ ಅವು ಭಿನ್ನವಾಗಿರುವಷ್ಟು ಹೊತ್ತು ಮಾತ್ರ ಔಟ್‌ಪುಟ್ ಮೇಲಿರುತ್ತದೆ. ಆ ಔಟ್‌ಪುಟ್ಟನ್ನು 10 ಕಿಲೋಓಮ್ ಮತ್ತು 1 ಮೈಕ್ರೋಫ್ಯಾರಡ್ ಮೂಲಕ ಹಾಯಿಸಿ ಮಲ್ಟಿಮೀಟರಿನಲ್ಲಿ ನೋಡಿದರೆ, 90 ಡಿಗ್ರಿ ಇದ್ದಾಗ ಪೂರೈಕೆಯ ಸರಿಯಾಗಿ ಅರ್ಧ ಬರಬೇಕು. 3.3 ವೋಲ್ಟ್ ಪೂರೈಕೆಯಲ್ಲಿ ಒಂದು ಡಿಗ್ರಿಗೆ 18.3 ಮಿಲಿವೋಲ್ಟ್. ಗೇಟ್ ಸ್ವತಃ ಏರುವುದಕ್ಕೂ ಇಳಿಯುವುದಕ್ಕೂ ಬೇರೆ ಬೇರೆ ಹೊತ್ತು ತೆಗೆದುಕೊಳ್ಳುವುದರಿಂದ ಒಂದೇ ಓದಿಗೆ ಮರುಳಾಗಬಾರದು. ಮೊದಲ ಓದಿನ ನಂತರ 9ನೇ ಕಾಲಿನ ಬದಲು ಅದರ ತಲೆಕೆಳಗಾದ ಜೊತೆಗಾರನಾದ 8ನೇ ಕಾಲನ್ನು ಗೇಟಿಗೆ ಕೊಡಿ. ನಿಜವಾದ ಫೇಸ್ 92 ಆಗಿದ್ದರೆ ಈಗ 88 ಎಂದು ತೋರಿಸುತ್ತದೆ, ಗೇಟಿನ ತಪ್ಪು ಮಾತ್ರ ಎರಡು ಸಲವೂ ಒಂದೇ ದಿಕ್ಕಿನಲ್ಲಿರುತ್ತದೆ. ಎರಡು ಓದುಗಳ ವ್ಯತ್ಯಾಸದ ಅರ್ಧವೇ ನಿಮ್ಮ ಫೇಸ್ ತಪ್ಪು.

1 ಡಿಗ್ರಿಯೊಳಗೆ ಬಂದರೆ ಮುಂದೆ ಹೋಗಿ. 3 ಡಿಗ್ರಿಗಿಂತ ಹೆಚ್ಚಿದ್ದರೆ ಎರಡು ಔಟ್‌ಪುಟ್‌ಗಳ ಮೇಲಿನ ಹೊರೆ ಸಮನಾಗಿದೆಯೇ ನೋಡಿ. ಒಂದರ ಮೇಲೆ ಉದ್ದ ತಂತಿ, ಕಂಪನಾಂಕ ತೋರಿಸುವ ಮೀಟರ್ ಅಥವಾ ಮರೆತ ಪ್ರೋಬ್ ನೇತಾಡುತ್ತಿರಬಹುದು.

ಹಂತ 5: ಕೌಂಟರ್ ಬೇಡವೆನ್ನುವವರಿಗೆ ಎಸ್‌ಐ5351ಎ ಲೆಕ್ಕ

ಈ ಚಿಪ್ಪಿನ ಒಳಗಿನ ಆಸಿಲೇಟರ್ 600ರಿಂದ 900 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ಅದನ್ನು ಒಂದು ಸಂಖ್ಯೆಯಿಂದ ಭಾಗಿಸಿ ಔಟ್‌ಪುಟ್ ಪಡೆಯುತ್ತೇವೆ. ಫೇಸ್ ರಿಜಿಸ್ಟರಿನ ಒಂದು ಅಂಕ ಎಂದರೆ ಒಳಗಿನ ಆಸಿಲೇಟರಿನ ಒಂದು ಸುತ್ತಿನ ಕಾಲುಭಾಗ. ಇದರಿಂದ ಒಂದು ಅನುಕೂಲ ಹುಟ್ಟುತ್ತದೆ: ಭಾಜಕ ಯಾವುದೋ ಅದೇ ಸಂಖ್ಯೆಯನ್ನು ಫೇಸ್ ರಿಜಿಸ್ಟರಿಗೆ ಬರೆದರೆ ಅದು ತಾನಾಗಿ 90 ಡಿಗ್ರಿ.

7.1 ಮೆಗಾಹರ್ಟ್ಸ್‌ಗೆ ಭಾಜಕ 100 ಇಟ್ಟರೆ ಒಳಗಿನದು 710 ಮೆಗಾಹರ್ಟ್ಸ್ ಆಗುತ್ತದೆ, 25 ಮೆಗಾಹರ್ಟ್ಸ್ ಕ್ರಿಸ್ಟಲಿಗೆ ಗುಣಕ 28.4. ಮೊದಲ ಔಟ್‌ಪುಟ್ಟಿನ ಫೇಸ್ ರಿಜಿಸ್ಟರ್ 165ಕ್ಕೆ 0, ಎರಡನೆಯದರ 166ಕ್ಕೆ 100 ಬರೆಯಿರಿ. 14.2ಕ್ಕೆ ಭಾಜಕವೂ ಫೇಸ್ ಅಂಕವೂ 50 ಆಗುತ್ತವೆ, ಗುಣಕ ಹಾಗೆಯೇ ಉಳಿಯುತ್ತದೆ. ಭಾಜಕ ಪೂರ್ಣ ಸಮಸಂಖ್ಯೆಯಾಗಿರಲಿ, ಕಂಪನಾಂಕ ಬದಲಿಸುವಾಗ ಗುಣಕವನ್ನು ಮಾತ್ರ ಅಲ್ಲಾಡಿಸಿ. ಎರಡು ಔಟ್‌ಪುಟ್‌ಗಳೂ ಒಂದೇ ಪಿಎಲ್‌ಎಲ್‌ನಿಂದ (ಚಿಪ್ಪಿನೊಳಗೆ ಆ ಆಸಿಲೇಟರನ್ನು ನಡೆಸುವ ಭಾಗದಿಂದ) ಬರಬೇಕು.

ಇಲ್ಲಿ ಎಲ್ಲರೂ ಎಡವುವುದು ರೀಸೆಟ್ ವಿಷಯದಲ್ಲಿ. ಫೇಸ್ ಅಂಕ ಬರೆದ ಮೇಲೆ ರಿಜಿಸ್ಟರ್ 177ರ ಮೂಲಕ ಪಿಎಲ್‌ಎಲ್ ರೀಸೆಟ್ ಮಾಡದಿದ್ದರೆ ಎರಡು ಔಟ್‌ಪುಟ್‌ಗಳ ಅಂತರ ಎಲ್ಲೋ ಇರುತ್ತದೆ, ಪ್ರತಿ ಸಲ ವಿದ್ಯುತ್ ಹಾಕಿದಾಗಲೂ ಬೇರೆ ಬೇರೆಯಾಗಿರುತ್ತದೆ. ಮೊದಲ ಪಿಎಲ್‌ಎಲ್‌ಗೆ ದಶಮಾನದಲ್ಲಿ 32, ಎರಡಕ್ಕೂ ಸೇರಿ 160 ಬರೆಯಬೇಕು. ಹಾಗೆಂದು ಗುಂಡಿಯ ಪ್ರತಿ ತಿರುವಿಗೂ ರೀಸೆಟ್ ಮಾಡಿದರೆ ಕಿವಿಯಲ್ಲಿ ಟಿಕ್ ಟಿಕ್ ಶುರುವಾಗುತ್ತದೆ. ಭಾಜಕ ಬದಲಾದಾಗ ಮಾತ್ರ ಮಾಡಿ, ಗುಣಕ ಬದಲಾದರೆ ಬೇಕಿಲ್ಲ.

ಫೇಸ್ ರಿಜಿಸ್ಟರ್ 7 ಬಿಟ್‌ನದು, 127ಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಆದ್ದರಿಂದ ಭಾಜಕ 126ಕ್ಕೆ ನಿಲ್ಲುತ್ತದೆ, ಒಳಗಿನ ಆಸಿಲೇಟರ್ 600ಕ್ಕಿಂತ ಕೆಳಗಿಳಿಯಬಾರದೆಂದರೆ ಸುಮಾರು 4.76 ಮೆಗಾಹರ್ಟ್ಸ್ ಕೆಳಗೆ ಈ ವಿಧಾನ ನಡೆಯುವುದಿಲ್ಲ. 80 ಮೀಟರ್ ಬ್ಯಾಂಡ್ ಬೇಕೆನ್ನುವವರು ಮೂರನೇ ಹಂತಕ್ಕೆ ಮರಳುವುದೇ ಒಳಿತು.

ಹಂತ 6: ಸ್ವಿಚ್ ಮತ್ತು ನಾಲ್ಕು ಕೆಪಾಸಿಟರ್

ಎಫ್‌ಎಸ್‌ಟಿ3253ರಲ್ಲಿ 14ನೇ ಕಾಲಿಗೆ ಒಂದು ಫೇಸ್, 2ನೇ ಕಾಲಿಗೆ ಇನ್ನೊಂದು. ಸ್ವಿಚ್ ಚಾಲೂ ಮಾಡುವ 1 ಮತ್ತು 15ನೇ ಕಾಲುಗಳು ನೆಲಕ್ಕೆ. ಎರಡು ಭಾಗಗಳನ್ನೂ ಸಮಾಂತರವಾಗಿ ಬಳಸಿದರೆ ಸ್ವಿಚ್ಚಿನ ಪ್ರತಿರೋಧ ಅರ್ಧವಾಗುತ್ತದೆ: 7 ಮತ್ತು 9 ಒಟ್ಟಿಗೆ ಆಂಟೆನಾ ಕಡೆಗೆ, 6 ಜೊತೆ 10, 5 ಜೊತೆ 11, 4 ಜೊತೆ 12, 3 ಜೊತೆ 13. ಆಂಟೆನಾ ಕಡೆಯ ಟ್ರಾನ್ಸ್‌ಫಾರ್ಮರಿನ ಇನ್ನೊಂದು ತುದಿಯನ್ನು ಪೂರೈಕೆಯ ಅರ್ಧಕ್ಕೆ, ಅಂದರೆ 2.5 ವೋಲ್ಟಿಗೆ, ಕಟ್ಟಿ ಕೆಪಾಸಿಟರಿನಿಂದ ನೆಲಕ್ಕಿಳಿಸಿ.

ಈಗ ಬರುವುದು ನಾನು ಎರಡು ಸಂಜೆ ಕಳೆದುಕೊಂಡ ಜಾಗ. ಜಾನ್ಸನ್ ಕೌಂಟರಿನಿಂದ ಬರುವ ವಿಳಾಸಗಳು (ನಾಲ್ಕರಲ್ಲಿ ಯಾವ ಸ್ವಿಚ್ ಎಂದು ಹೇಳುವ ಅಂಕಿಗಳು) 0, 1, 2, 3 ಎಂದು ಎಣಿಕೆಯಾಗುವುದಿಲ್ಲ. 0, 1, 3, 2 ಎಂಬ ಕ್ರಮದಲ್ಲಿ ಸುತ್ತುತ್ತವೆ. ಹಾಗಾಗಿ ಪರಸ್ಪರ 180 ಡಿಗ್ರಿ ಎದುರಿರುವುದು 0ಗೆ 3 ಮತ್ತು 1ಕ್ಕೆ 2. ಚಿಪ್ಪಿನ ಕಾಲುಗಳಲ್ಲಿ ಹೇಳುವುದಾದರೆ 3ರಿಂದ 6ರವರೆಗಿನ ನಾಲ್ಕರಲ್ಲಿ ಹೊರಗಿನ ಎರಡು ಒಂದು ಜೋಡಿ, ಒಳಗಿನ ಎರಡು ಇನ್ನೊಂದು ಜೋಡಿ. ನಾನು 0 ಮತ್ತು 2ನ್ನು ಜೋಡಿ ಮಾಡಿದ್ದೆ. ಹಾಗೆ ಮಾಡಿದಾಗ ಐ ಮತ್ತು ಕ್ಯೂ ಎರಡರಲ್ಲೂ ಒಂದೇ ಫೇಸಿನ ಸಿಗ್ನಲ್ ಬರುತ್ತದೆ, ಪ್ರತಿಬಿಂಬ ಮೂಲದಷ್ಟೇ ಎತ್ತರಕ್ಕೆ ನಿಲ್ಲುತ್ತದೆ. ಕೌಂಟರನ್ನು ಮೂರು ಸಲ ಬದಲಿಸಿದ ಮೇಲೆ ತಪ್ಪು ಕೌಂಟರಿನದ್ದಲ್ಲ ಎಂದು ಹೊಳೆಯಿತು.

ಕೆಪಾಸಿಟರಿನ ಮೌಲ್ಯವನ್ನು ಹೀಗೆ ತೆಗೆಯಿರಿ. ಪ್ರತಿ ಕೆಪಾಸಿಟರ್ ಕಾಲು ಭಾಗ ಹೊತ್ತು ಮಾತ್ರ ಆಂಟೆನಾಕ್ಕೆ ಸೇರಿರುವುದರಿಂದ 50 ಓಮ್ ಮೂಲ ಅದಕ್ಕೆ 200 ಓಮ್ ಆಗಿ ಕಾಣುತ್ತದೆ. 33 ನ್ಯಾನೋಫ್ಯಾರಡ್ ಇಟ್ಟರೆ 3 ಡೆಸಿಬೆಲ್ ಇಳಿಯುವ ಜಾಗ ಸುಮಾರು 24 ಕಿಲೋಹರ್ಟ್ಸ್, ಅಂದರೆ 48 ಕಿಲೋಹರ್ಟ್ಸ್ ಕಾರ್ಡಿನ ಅಂಚು. 100 ನ್ಯಾನೋಫ್ಯಾರಡ್ ಇಟ್ಟರೆ 8 ಕಿಲೋಹರ್ಟ್ಸ್.

ಕೆಪಾಸಿಟರ್‌ಗಳ ಹೊಂದಾಣಿಕೆಯ ಬಗ್ಗೆ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಫೇಸ್ ಸರ್ಕ್ಯೂಟ್ ಎಂದು ನಾವು ಕರೆಯದ ಈ ಭಾಗವೇ ಅತಿ ಹೆಚ್ಚು ಫೇಸ್ ಕೆಡಿಸುತ್ತದೆ. ಐ ಜೋಡಿ ಕ್ಯೂ ಜೋಡಿಗಿಂತ ಶೇಕಡಾ 5ರಷ್ಟು ಬೇರೆಯಾಗಿದ್ದರೆ, ಆ 3 ಡೆಸಿಬೆಲ್ ಜಾಗದಲ್ಲಿ ಫೇಸ್ 1.4 ಡಿಗ್ರಿ ತಪ್ಪುತ್ತದೆ, ಎತ್ತರ ಶೇಕಡಾ 2.5ರಷ್ಟು ತಪ್ಪುತ್ತದೆ. ಅದರ ಐದನೇ ಒಂದು ಭಾಗದಷ್ಟು ದೂರದಲ್ಲಿ ಫೇಸ್ ತಪ್ಪು 0.55 ಡಿಗ್ರಿಗೆ ಇಳಿಯುತ್ತದೆ. 8 ಕಿಲೋಹರ್ಟ್ಸ್‌ಗೆ ಕಟ್ಟಿದವರು 10 ಕಿಲೋಹರ್ಟ್ಸ್ ಆಚೆಯ ಸ್ಟೇಷನ್ನಿನ ಪ್ರತಿಬಿಂಬ ಏಕೆ ಹೋಗುತ್ತಿಲ್ಲ ಎಂದು ಕೇಳುವುದಕ್ಕೆ ಉತ್ತರ ಇಲ್ಲಿದೆ. ಫಿಲ್ಮ್ ಅಥವಾ ಸಿ0ಜಿ (ಬಿಸಿಗೆ ಜಾರದ ಸೆರಾಮಿಕ್) ಬಗೆಯ ಕೆಪಾಸಿಟರ್‌ಗಳನ್ನು ಹತ್ತು ಹನ್ನೆರಡು ಕೊಂಡು, ಮೀಟರಿನಲ್ಲಿ ಅಳೆದು, ಶೇಕಡಾ 1ರೊಳಗೆ ಹೊಂದುವ ನಾಲ್ಕನ್ನು ಆರಿಸಿ. ಬೆರಳಿನಿಂದ ಹಿಡಿದು ಅಳೆಯಬೇಡಿ, ಮೈಬಿಸಿಗೆ ಅಗ್ಗದ ಸೆರಾಮಿಕ್‌ಗಳ ಮೌಲ್ಯ ಕಣ್ಣೆದುರೇ ಜಾರುತ್ತದೆ. ಹಾಗೆ ಜಾರಿದರೆ ಆ ಬಗೆಯನ್ನು ಇಲ್ಲಿ ಬಳಸಲೇಬಾರದು.

ಆಂಟೆನಾ ಮತ್ತು ಸ್ವಿಚ್ಚಿನ ನಡುವೆ ಬ್ಯಾಂಡ್‌ಪಾಸ್ ಫಿಲ್ಟರ್ ಕಡ್ಡಾಯ. ಸ್ವಿಚ್ 7.1ರ ಮೂರರಷ್ಟಾದ 21.3 ಮೆಗಾಹರ್ಟ್ಸ್‌ಗೂ ಕಿವಿಗೊಡುತ್ತದೆ. ಅಲ್ಲಿ 90 ಡಿಗ್ರಿ 270 ಆಗುವುದರಿಂದ ಆ ಸಿಗ್ನಲ್‌ಗಳು ಸೈಡ್‌ಬ್ಯಾಂಡ್ (ನಡುವಿನ ಕಂಪನಾಂಕದ ಮೇಲಿನ ಮತ್ತು ಕೆಳಗಿನ ಪಕ್ಕಗಳು) ತಿರುವುಮುರುವಾಗಿ ಬಂದು, ನೋಡುವವರಿಗೆ ಪ್ರತಿಬಿಂಬವೆಂದೇ ಭ್ರಮೆ ಹುಟ್ಟಿಸುತ್ತವೆ.

ಹಂತ 7: ಆಡಿಯೋ ಆಂಪ್ಲಿಫೈಯರ್

ಐ ಮತ್ತು ಕ್ಯೂ ಎರಡಕ್ಕೂ ಒಂದೇ ಚಿಪ್ಪಿನೊಳಗಿನ ಎರಡು ಆಪ್‌ಆಂಪ್ ಬಳಸಿ. ಎನ್‌ಇ5532 ಚೆನ್ನಾಗಿದೆ, ಆದರೆ 5 ವೋಲ್ಟಿನಲ್ಲಿ ಅದನ್ನು ನಡೆಸಬೇಡಿ, 12 ಕೊಡಿ. ಗೇನ್ (ವರ್ಧನೆ) ನಿರ್ಧರಿಸುವ ರೆಸಿಸ್ಟರ್‌ಗಳು ಶೇಕಡಾ 1ರವಾದರೂ ಎರಡು ಎದುರುಬದುರಾಗಿ ಜಾರಿದರೆ ಗೇನ್ ಶೇಕಡಾ 2 ಬೇರೆಯಾಗುತ್ತದೆ, ಅಲ್ಲಿಗೆ 40 ಡೆಸಿಬೆಲ್ ಗಡಿ ಬಂತು. ಇವನ್ನೂ ಮಲ್ಟಿಮೀಟರಿನಲ್ಲಿ ಅಳೆದು ಜೋಡಿ ಮಾಡಿ.

ಜೋಡಣೆಯ ಕೆಪಾಸಿಟರ್‌ಗಳನ್ನು ಚಿಕ್ಕದಾಗಿ ಇಡುವುದು ಇನ್ನೊಂದು ಸಾಮಾನ್ಯ ತಪ್ಪು. 4.7 ಕಿಲೋಓಮ್ ಜೊತೆ 1 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಇದ್ದು, ಎರಡು ಚಾನೆಲ್‌ಗಳ ನಡುವೆ ಅದರ ಮೌಲ್ಯ ಶೇಕಡಾ 20 ಬೇರೆಯಾಗಿದ್ದರೆ, 300 ಹರ್ಟ್ಸ್‌ನಲ್ಲಿ 1.3 ಡಿಗ್ರಿ ತಪ್ಪುತ್ತದೆ. ಅದೇ 10 ಮೈಕ್ರೋಫ್ಯಾರಡ್ ಆದರೆ 0.13 ಡಿಗ್ರಿ.

ಹಂತ 8: ಪ್ರತಿಬಿಂಬ ಅಳೆದು, ತಪ್ಪು ಎಲ್ಲಿದೆಯೆಂದು ಓದಿ

ಪರೀಕ್ಷಾ ಸಿಗ್ನಲನ್ನು ಅಟೆನ್ಯುಯೇಟರ್ ಮೂಲಕ ಲೋಕಲ್ ಆಸಿಲೇಟರಿಗಿಂತ 1 ಕಿಲೋಹರ್ಟ್ಸ್ ಮೇಲೆ ಕೊಡಿ. ಸಾಫ್ಟ್‌ವೇರಿನ ತಿದ್ದುಪಡಿಯನ್ನು ಪೂರ್ತಿ ನಿಲ್ಲಿಸಿ. ಮೂಲದ ಶಿಖರಕ್ಕೂ 1 ಕಿಲೋಹರ್ಟ್ಸ್ ಕೆಳಗಿನ ಪ್ರತಿಬಿಂಬಕ್ಕೂ ಇರುವ ವ್ಯತ್ಯಾಸವನ್ನು ಬರೆದುಕೊಳ್ಳಿ. ಹೀಗೆಯೇ 3, 5, 10, 15, 20 ಕಿಲೋಹರ್ಟ್ಸ್‌ನಲ್ಲೂ ಮಾಡಿ. ಈ ಆರು ಅಂಕಿಗಳಿಲ್ಲದೆ ಮಾಡುವ ಯಾವ ದುರಸ್ತಿಯೂ ಕತ್ತಲಲ್ಲಿ ತಡಕಾಡುವುದೇ.

ಆರೂ ಅಂಕಿಗಳು ಹೆಚ್ಚುಕಡಿಮೆ ಒಂದೇ ಆಗಿದ್ದು 40ಕ್ಕಿಂತ ಕಡಿಮೆಯಿದ್ದರೆ ತಪ್ಪು ಲೋಕಲ್ ಆಸಿಲೇಟರಿನ ಫೇಸಿನಲ್ಲಿ ಅಥವಾ ಗೇನಿನಲ್ಲಿದೆ. ಯಾವುದರಲ್ಲಿ ಎಂದು ತಿಳಿಯಲು ಎಡ ಮತ್ತು ಬಲ ಚಾನೆಲ್‌ಗಳ ಮಟ್ಟವನ್ನು ಬೇರೆ ಬೇರೆಯಾಗಿ ನೋಡಿ. ಮಟ್ಟ ಸಮನಿದ್ದರೆ ಉಳಿದದ್ದು ಫೇಸ್. ಹತ್ತಿರದಲ್ಲಿ ಚೆನ್ನಾಗಿದ್ದು ಅಂಚಿಗೆ ಹೋದಂತೆ ನಿಧಾನವಾಗಿ ಕೆಟ್ಟರೆ ಆರನೇ ಹಂತದ ಕೆಪಾಸಿಟರ್‌ಗಳನ್ನು ಶಂಕಿಸಿ. 300–500 ಹರ್ಟ್ಸ್‌ನಂಥ ತೀರ ಹತ್ತಿರದಲ್ಲಿ ಮಾತ್ರ ಕೆಟ್ಟರೆ ಜೋಡಣೆಯ ಕೆಪಾಸಿಟರ್.

ದೂರ ಹೋದಂತೆ ರಭಸವಾಗಿ ಕೆಟ್ಟು 10 ಕಿಲೋಹರ್ಟ್ಸ್‌ಗೆ ಪ್ರತಿಬಿಂಬ ಮೂಲದ ಹತ್ತಿರಕ್ಕೇ ಬಂದರೆ ಸೌಂಡ್ ಕಾರ್ಡಿನ ಎರಡು ಚಾನೆಲ್‌ಗಳು ಒಂದು ಸ್ಯಾಂಪಲ್ ಹಿಂದುಮುಂದಾಗಿವೆ. 48 ಕಿಲೋಹರ್ಟ್ಸ್‌ನಲ್ಲಿ ಒಂದು ಸ್ಯಾಂಪಲ್ 20.8 ಮೈಕ್ರೋಸೆಕೆಂಡ್, ಅದು 1 ಕಿಲೋಹರ್ಟ್ಸ್‌ಗೆ 7.5 ಡಿಗ್ರಿ, 10ಕ್ಕೆ 75 ಡಿಗ್ರಿ. ಬೆಸುಗೆ ಕಡ್ಡಿಯನ್ನು ಕೆಳಗಿಡಿ, ಸಾಫ್ಟ್‌ವೇರಿನಲ್ಲಿ ಒಂದು ಚಾನೆಲನ್ನು ಒಂದು ಸ್ಯಾಂಪಲ್ ತಡಮಾಡಿದರೆ ಸರಿಹೋಗುತ್ತದೆ.

ಎಲ್ಲೆಡೆಯೂ ಪ್ರತಿಬಿಂಬ ಮೂಲದಷ್ಟೇ ಎತ್ತರವಿದ್ದರೆ ಒಂದು ಚಾನೆಲ್ ಸತ್ತಿದೆ, ಅಥವಾ ಲ್ಯಾಪ್‌ಟಾಪಿನ ಮೈಕ್ ತೂತು ಒಂಟಿ ಚಾನೆಲ್‌ನದು, ಅಥವಾ ನಾನು ಮಾಡಿದಂತೆ ಜೋಡಿ ತಪ್ಪಿದೆ. ಪ್ರತಿಬಿಂಬ ಚೆನ್ನಾಗಿ ಅಳಿದಿದ್ದರೂ ಗುಂಡಿಯನ್ನು ಮೇಲಕ್ಕೆ ತಿರುಗಿಸಿದಾಗ ಸ್ಟೇಷನ್ ತಪ್ಪು ದಿಕ್ಕಿಗೆ ಸರಿದರೆ ಐ ಮತ್ತು ಕ್ಯೂ ಅದಲುಬದಲಾಗಿವೆ, ಅಷ್ಟೇ.

ಹಂತ 9: ಕೊನೆಯಲ್ಲಿ ಸಾಫ್ಟ್‌ವೇರ್

40 ಡೆಸಿಬೆಲ್ ಸಿಕ್ಕ ಮೇಲೆಯೇ ತಿದ್ದುಪಡಿಯನ್ನು ಹಚ್ಚಿ. ಲೆಕ್ಕ ಸರಳ: ಕ್ಯೂ ಅನ್ನು ಗೇನ್ ವ್ಯತ್ಯಾಸದಿಂದ ಭಾಗಿಸಿ, ಅದರಿಂದ ಐ ಗುಣಿಸು ಫೇಸ್ ತಪ್ಪಿನ ಸೈನ್ ಅನ್ನು ಕಳೆದು, ಬಂದದ್ದನ್ನು ಅದೇ ಕೋನದ ಕೊಸೈನ್‌ನಿಂದ ಭಾಗಿಸಬೇಕು. ಮೊದಲು ಗೇನ್, ನಂತರ ಫೇಸ್, ಮತ್ತೆ ಗೇನ್ ಎಂಬಂತೆ ಎರಡನ್ನೂ ಸರದಿಯಲ್ಲಿ ತಿದ್ದುತ್ತ ಹೋದರೆ ಪ್ರತಿಬಿಂಬ ಗದ್ದಲದೊಳಗೆ ಮುಳುಗುತ್ತದೆ. ಈ ಎರಡು ಅಂಕಿಗಳು ಆ ಬ್ಯಾಂಡಿಗೆ ಮಾತ್ರ ಸರಿ, ಪ್ರತಿ ಬ್ಯಾಂಡಿಗೂ ಬೇರೆಯಾಗಿ ಉಳಿಸಿಕೊಳ್ಳಿ.

ಸ್ವಂತ ಪ್ರೋಗ್ರಾಂ ಬರೆಯುವವರು ಸೈಡ್‌ಬ್ಯಾಂಡ್ ಬೇರ್ಪಡಿಸಲು ಹಿಲ್ಬರ್ಟ್ ಫಿಲ್ಟರನ್ನು ಕ್ಯೂ ಚಾನೆಲ್ಲಿಗೆ ಹಾಕಿ ಐ ಚಾನೆಲನ್ನು ಹಾಗೆಯೇ ಬಿಟ್ಟುಬಿಡುವುದುಂಟು. ಫಿಲ್ಟರ್ ಆಡಿಯೋವನ್ನು 90 ಡಿಗ್ರಿ ತಿರುಗಿಸುವುದರ ಜೊತೆಗೆ ತಡವನ್ನೂ ಮಾಡುತ್ತದೆ. 65 ಗುಣಾಂಕಗಳ ಫಿಲ್ಟರಿಗೆ ಆ ತಡ 32 ಸ್ಯಾಂಪಲ್. ಐ ಚಾನೆಲನ್ನೂ ಸರಿಯಾಗಿ 32 ಸ್ಯಾಂಪಲ್ ತಡಮಾಡಬೇಕು. ಗುಣಾಂಕಗಳ ಸಂಖ್ಯೆ ಸಮವಾಗಿದ್ದರೆ ಈ ತಡ ಅರ್ಧ ಸ್ಯಾಂಪಲಿನಲ್ಲಿ ನಿಲ್ಲುವುದರಿಂದ ಬೆಸಸಂಖ್ಯೆಯನ್ನೇ ಇಟ್ಟುಕೊಳ್ಳಿ. ಗುಣಾಂಕ ಕಡಿಮೆಯಾದಷ್ಟೂ ತಗ್ಗಿನ ಧ್ವನಿಗಳಲ್ಲಿ ಈ ಫಿಲ್ಟರಿನ ಎತ್ತರ ಕುಸಿಯುತ್ತದೆ. 300 ಹರ್ಟ್ಸ್‌ನ ಸುತ್ತ ಮಾತ್ರ ಎದುರು ಸೈಡ್‌ಬ್ಯಾಂಡಿನ ಗೊಣಗಾಟ ಉಳಿದಿದ್ದರೆ ಗುಣಾಂಕಗಳನ್ನು ಹೆಚ್ಚಿಸಿ, ಅಥವಾ ಅದಕ್ಕೆ ಮೊದಲು ಸ್ಯಾಂಪಲ್ ವೇಗವನ್ನು 12 ಕಿಲೋಹರ್ಟ್ಸ್‌ಗೆ ಇಳಿಸಿ.